ಜಗಳಕ್ಕೆಂದು ಬರೆದ ಪಟ್ಟಿ

ಆಸ್ಟ್ರೇಲಿಯಾಕ್ಕೆ ಹೋಗಿಬಂದವರೆಲ್ಲ ಕಾಂಗರೂ ಕತೆ ಹೇಳುತ್ತಾರೆ. ನಾನು ಏಳು ತಿಂಗಳು ಅಲ್ಲಿದ್ದೂ ಕಾಂಗರೂ ಕಂಡದ್ದು ರಸ್ತೆ ಪಕ್ಕದ ಹಳದಿ ಬೋರ್ಡಿನ ಮೇಲೆ ಮಾತ್ರ. ಮೈಸೂರಿನ ನಮ್ಮ ಬೀದಿಯವರು ಕೇಳಿದಾಗ ಸಮುದ್ರ ಚೆನ್ನಾಗಿತ್ತು, ರಸ್ತೆ ಚೆನ್ನಾಗಿತ್ತು ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನಾನು ಅಲ್ಲಿ ಮಾಡಿಬಂದದ್ದು ನಾಚಿಕೆಗೇಡಿನ ಕೆಲಸ. ಅಡಿಲೇಡ್‌ನಲ್ಲಿ ಹದಿನಾಲ್ಕು ವರ್ಷ ಒಂದು ಐಸ್ ಹಾಕಿ ತಂಡದ ಗೋಲು ಕಾಯುತ್ತಿದ್ದ ಮನುಷ್ಯನೊಬ್ಬ, ನಾನು ಮಗಳ ಮನೆಯ ಊಟದ ಮೇಜಿನ ಮೇಲೆ ಬರೆದ ಒಂದು ಪಟ್ಟಿಯಿಂದಾಗಿ ಆಟ ಬಿಡಬೇಕಾಯಿತು. ಅವನಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ.

ಐಸ್ ಹಾಕಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳುವುದು ಸರಿಯೇ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ದುಡಿದು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿಯಾದವಳು. ಮಂಜುಗಡ್ಡೆ ನೋಡಿದ್ದು ಲಸಿಕೆಯ ಪೆಟ್ಟಿಗೆಯಲ್ಲಿ ಮಾತ್ರ. ಸುಮ್ಮನೆ ಕೂರಲಾರದ ಸ್ವಭಾವ, ಅದೇ ನನ್ನನ್ನು ಹಾಳು ಮಾಡಿದ್ದು.

ಪರ್ತ್: ಥಾರ್ನ್ಲಿಯ ಊಟದ ಮೇಜು

ಮಗಳು ಅನಿತಾ ಪರ್ತ್‌ನಲ್ಲಿ ಡಾಕ್ಟರು. ಅಳಿಯ ಪ್ರವೀಣ್‌ಗೆ ಸಿಟಿಯಲ್ಲಿ ಗಣಿ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಅವರ ಮನೆ ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿ. ಮೊಮ್ಮಗಳು ರಿಯಾಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಆದರೆ ಬೈದರೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅವಳಿಗೆ ಐಸ್ ಹಾಕಿಯ ಹುಚ್ಚು. ಆ ಹುಚ್ಚು ಅಪ್ಪನಿಗೂ ಹತ್ತಿ, ಅವರು ಊರಿನ ತಂಡಕ್ಕೆ ಓಡಾಡಿ, ಕೊನೆಗೆ ದೇಶದ ಲೀಗಿನ ವೇಳಾಪಟ್ಟಿ ಸಮಿತಿಗೇ ಸೇರಿಕೊಂಡುಬಿಟ್ಟಿದ್ದರು.

ನಾನು ಹೋದದ್ದು ಜನವರಿಯಲ್ಲಿ. ಹೊರಗೆ ನೆತ್ತಿ ಸುಡುವ ಬಿಸಿಲು. ಮೊಮ್ಮಗಳ ಅಭ್ಯಾಸ ನೋಡಲು ಐಸ್ ಅಂಗಳದ ಕಟ್ಟಡಕ್ಕೆ ವಾಯಿಲ್ ಸೀರೆ, ಹವಾಯಿ ಚಪ್ಪಲಿಯಲ್ಲಿ ಹೋದೆ. ಒಳಗೆ ಕಾಲಿಟ್ಟರೆ ಶವಾಗಾರದ ಥಂಡಿ. ಐದು ನಿಮಿಷಕ್ಕೆ ನನ್ನ ಹಲ್ಲು ಕಟಕಟ ಎನ್ನತೊಡಗಿತು. ಪ್ರವೀಣ್ ಕಾರಿನಿಂದ ನಾಯಿಯ ಕಂಬಳಿ ತಂದು ಹೊದಿಸಿದರು. ಮನೆಗೆ ಬಂದಮೇಲಷ್ಟೇ ಅದು ನಾಯಿಯದೆಂದು ರಿಯಾ ಹೇಳಿದ್ದು.

ಆಟ ಸುಲಭ. ಅಲಗು ಕಟ್ಟಿದ ಬೂಟು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ, ಕಪ್ಪು ರಬ್ಬರ್ ಬಿಲ್ಲೆಯೊಂದನ್ನು ಕೋಲಿನಿಂದ ಬಡಿದು ಎದುರಾಳಿಯ ಬಲೆಗೆ ಸೇರಿಸಬೇಕು. ಬಲೆಯ ಮುಂದೆ ಹಾಸಿಗೆ ಸುತ್ತಿಕೊಂಡವನಂತೆ ನಿಂತು ಆ ಬಿಲ್ಲೆಯ ಏಟು ತಿನ್ನುವವನು ಗೋಲಿ. ಲೀಗಿಗೆ ಪ್ರೊಫೆಷನಲ್ ಎಂದು ಹೆಸರು. ಆದರೆ ಆಟಗಾರರಲ್ಲಿ ಹೆಚ್ಚಿನವರು ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಭಾನುವಾರ ಆಡುವವರು.

ಆರು ತಂಡಗಳು, ಎರಡು ಗುಂಪು. ಪರ್ತ್‌ನಲ್ಲೇ ಎರಡು ತಂಡ. ಉಳಿದ ನಾಲ್ಕು, ಅಂದರೆ ಅಡಿಲೇಡ್, ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್, ಎಲ್ಲ ಆ ಕಡೆಯವು. ಪಶ್ಚಿಮದ ಗುಂಪಿಗೆ ಪರ್ತ್‌ನ ಎರಡರ ಜೊತೆ ಮೂರನೆಯ ತಂಡವೊಂದು ಬೇಕು, ಅದಕ್ಕೆ ಯಾರಿಗೂ ಮನಸ್ಸಿಲ್ಲ. ಏಕೆಂದರೆ ಆ ಗುಂಪಿಗೆ ಬಿದ್ದವರು ಒಂದು ವರ್ಷಕ್ಕೆ ಐದು ಸಲ ಪರ್ತ್‌ಗೆ ಹಾರಬೇಕು. ಪೂರ್ವದಲ್ಲಿದ್ದರೆ ಎರಡೇ ಸಲ ಸಾಕು. ಹಾಗಾಗಿ ಸರದಿಯ ಮೇಲೆ ಒಂದೊಂದು ವರ್ಷ ಒಂದೊಂದು ಊರಿನವರು ಬರುತ್ತಿದ್ದರು. ಹಿಂದಿನ ವರ್ಷ ಅಡಿಲೇಡ್ ಬಂದಿತ್ತು. ಈ ವರ್ಷ ಬ್ರಿಸ್ಬೇನ್ ಸರದಿ.

ಪ್ರವೀಣ್ ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದರು. ಐಸ್ ಅಂಗಳ ಸಿಗುವ ಹೊತ್ತೇ ಕಡಿಮೆ. ಮಕ್ಕಳ ಹುಟ್ಟುಹಬ್ಬಕ್ಕೆ, ನೃತ್ಯದವರಿಗೆ, ಸಾರ್ವಜನಿಕರಿಗೆ ಕೊಟ್ಟು ಮಿಕ್ಕಿದ್ದರಲ್ಲಿ ಲೀಗು ನಡೆಯಬೇಕು. ಭಾನುವಾರ ಬೆಳಿಗ್ಗೆಯ ಆಟ ಯಾರಿಗೂ ಬೇಡ.

"ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ ಪ್ರವೀಣ್? ನೂರಿಪ್ಪತ್ತು ಜನ ಸಿಸ್ಟರ್‌ಗಳಿಗೆ ಮೂರು ಶಿಫ್ಟ್ ಹೊಂದಿಸಿದವಳು ನಾನು. ಇಲ್ಲಿ ಕೊಡಿ," ಎಂದೆ.

"ಅತ್ತೆ, ನಿಮಗ್ಯಾಕೆ ತೊಂದರೆ..."

"ರೀ, ಅಮ್ಮಂಗೆ ಕೊಟ್ಬಿಡಿ. ಇಲ್ದಿದ್ರೆ ನನ್ನ ಅಡುಗೆಮನೆ ಡಬ್ಬಿಗಳಿಗೆ ಶಿಫ್ಟ್ ಹಾಕ್ತಾಳೆ," ಎಂದಳು ಅನಿತಾ.

ಇಲ್ಲಿ ನಮ್ಮ ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಲಿಸ್ಟ್ ಹಾಕುತ್ತಿದ್ದ ರೀತಿ ಹೇಳಬೇಕು. ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಪೆನ್ಸಿಲಿನಲ್ಲಿ ಬರೆದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೆ. ಅದು ಬೇಕೆಂದೇ ಕೆಟ್ಟದಾಗಿ ಬರೆದ ಪಟ್ಟಿ. ಬಾಯಿ ಜೋರಿನವಳಿಗೆ ಹಬ್ಬದ ದಿನ ನೈಟ್, ಹೊಸದಾಗಿ ಮದುವೆಯಾದವಳಿಗೆ ಸತತ ನಾಲ್ಕು ಭಾನುವಾರ. ಹನ್ನೊಂದಕ್ಕೆಲ್ಲ ನನ್ನ ಕೋಣೆಯ ಮುಂದೆ ಸಂತೆ. ಅಳು, ಕೂಗು, ಯೂನಿಯನ್ನಿಗೆ ಹೇಳುತ್ತೇನೆಂಬ ಬೆದರಿಕೆ. ನಾನು ಕನ್ನಡಕ ಏರಿಸಿಕೊಂಡು, "ಆಯ್ತು, ನೈಟ್ ತೆಗೀತೀನಿ, ಬದಲಿಗೆ ನೀನೇನು ಕೊಡ್ತೀಯ?" ಎನ್ನುತ್ತಿದ್ದೆ. ಹೀಗೆ ಕೊಟ್ಟು ತೆಗೆದುಕೊಂಡು ಸಂಜೆ ಐದಕ್ಕೆ ಶಾಯಿಯಲ್ಲಿ ಬರೆದ ಎರಡನೆಯ ಪಟ್ಟಿ ಬೋರ್ಡಿಗೆ ಬರುತ್ತಿತ್ತು. ಎಲ್ಲರಿಗೂ ತಾವು ಗೆದ್ದೆವೆಂಬ ಸಮಾಧಾನ. ಈ ಉಪಾಯದ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಥಾರ್ನ್ಲಿಯಲ್ಲೂ ಅದನ್ನೇ ಮಾಡಿದೆ. ಪಶ್ಚಿಮದ ಗುಂಪಿಗೆ ಮತ್ತೆ ಅಡಿಲೇಡನ್ನೇ ಹಾಕಿದೆ. ಅವರು ಎಗರಾಡುತ್ತಾರೆ, ಆಗ ಅವರನ್ನು ಪೂರ್ವಕ್ಕೆ ಕಳಿಸಿ ಬದಲಿಗೆ ಯಾರಿಗೂ ಬೇಡವಾದ ಭಾನುವಾರ ಬೆಳಗಿನ ಆಟಗಳನ್ನು ಒಪ್ಪಿಸಿಬಿಡಬಹುದು ಎಂಬುದು ನನ್ನ ಲೆಕ್ಕಾಚಾರ.

ಪ್ರವೀಣ್ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಅತ್ತೆ, ಅಡಿಲೇಡಿನವರು ಹೋದ ವರ್ಷ ಬಂದಿದ್ರಲ್ಲ?"

"ನೀವು ಸುಮ್ನೆ ಕಳಿಸಿ. ಅವರೇ ಮಾತಾಡ್ಕೊಂಡು ಬರ್ತಾರೆ."

ಅವರಿಗೂ ಆಫೀಸಿನಲ್ಲಿ ಹೆಚ್ಚು ಕೆಲಸದ ದಿನಗಳು. ಹತ್ತು ದಿನದೊಳಗೆ ಅಭಿಪ್ರಾಯ ತಿಳಿಸಿ ಎಂದು ಬರೆದು ಕಳಿಸಿಬಿಟ್ಟರು. ನಾನು ದಿನಾ ಸಂಜೆ ಕೇಳುತ್ತಿದ್ದೆ, ಅಡಿಲೇಡ್‌ನವರು ಬೈದರಾ ಎಂದು. ಇಲ್ಲ. ಎಂಟನೆಯ ದಿನ ಆ ತಂಡದ ಮ್ಯಾನೇಜರಿಂದ ಒಂದು ಸಾಲು ಬಂತು: ನೋ ವರೀಸ್, ಪಟ್ಟಿ ಮಾಡಿದವರಿಗೆ ಧನ್ಯವಾದ. ಬೇರೆ ಯಾರೂ ತುಟಿ ಬಿಚ್ಚಲಿಲ್ಲ. ಸಮಿತಿ ಪಟ್ಟಿಯನ್ನು ಹಾಗೇ ಒಪ್ಪಿತು.

ಆಗಲಾದರೂ ನನಗೆ ಏನೋ ತಪ್ಪಿದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಒಂದು ಗೊಣಗಾಟವೂ ಇಲ್ಲದೆ ನನ್ನ ಪಟ್ಟಿ ಪಾಸಾಯಿತೆಂದು ಚರ್ಚಿನಲ್ಲಿ ಸಿಕ್ಕ ಕನ್ನಡದವರಿಗೆಲ್ಲ ಹೇಳಿಕೊಂಡು ಬಂದೆ. ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವ ಊರು ಅದು. ಎಂಥ ಶಿಸ್ತಿನ ಜನ ಎಂದುಕೊಂಡೆ. ಲೀಗಿನವರು ನನಗೊಂದು ನೀಲಿ ಟೋಪಿ ಕಳಿಸಿದರು. ಅದನ್ನು ಸೀರೆಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿ ನಮ್ಮ ನಿವೃತ್ತ ಸಿಸ್ಟರ್‌ಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಅರವತ್ತು ಚಪ್ಪಾಳೆ ಬಂತು.

ಬ್ರಿಸ್ಬೇನ್: ಕೇಕ್ ಕಳಿಸಿದವರು

ಜುಲೈನಲ್ಲಿ ಪರ್ತ್‌ನ ಒಂದು ತಂಡದ ಜೊತೆ ಬ್ರಿಸ್ಬೇನ್‌ಗೆ, ಮುಂದಿನ ವಾರ ಅಡಿಲೇಡ್‌ಗೆ ಎಂದು ನಮ್ಮ ಪ್ರವಾಸ ನಿಗದಿಯಾಗಿತ್ತು. ಪಟ್ಟಿ ಬರೆದವಳು ನಾನೇ ಆದ್ದರಿಂದ ಊರು ನೋಡುವ ಆಸೆಗೆ ಎರಡನ್ನೂ ಒಂದರ ಹಿಂದೊಂದು ಇಟ್ಟುಕೊಂಡಿದ್ದೆ. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಊಟದ ಮೇಜಿನ ಮೇಲೆ ನಕ್ಷೆ ಹರಡಿದಾಗ ಪರ್ತ್‌ನಿಂದ ಬ್ರಿಸ್ಬೇನ್‌ಗೆ ಒಂದು ಗೇಣು. ವಿಮಾನದಲ್ಲಿ ಕೂತಾಗ ಗೊತ್ತಾಯಿತು ಆ ಗೇಣಿನ ಉದ್ದ. ಕಿಟಕಿಯಿಂದ ನೋಡಿದರೆ ಕೆಂಪು ನೆಲ. ಒಂದು ನಿದ್ದೆ ಮುಗಿಸಿ ನೋಡಿದರೂ ಅದೇ ಕೆಂಪು ನೆಲ. ಬದಿಯಲ್ಲಿ ಕೂತಿದ್ದ ಆಟಗಾರನೊಬ್ಬ, ಬೆಟ್ಟದಂಥ ಹುಡುಗ, ಮೊಣಕಾಲು ಮಡಿಸಲು ಜಾಗವಿಲ್ಲದೆ ಐದು ಗಂಟೆ ಒದ್ದಾಡಿದ. ಇಳಿದಾಗ ನನ್ನ ಕಾಲು ಊದಿತ್ತು, ಗಡಿಯಾರ ಎರಡು ಗಂಟೆ ಹಿಂದಿತ್ತು. ಪೆನ್ಸಿಲ್ ಹಿಡಿದು ಎಷ್ಟು ಜನರನ್ನು ಎಷ್ಟು ಸಲ ಈ ಆಕಾಶದಲ್ಲಿ ಅತ್ತಿಂದಿತ್ತ ಎಸೆದಿದ್ದೇನೆ ಎಂಬ ಯೋಚನೆ ಮೊದಲ ಸಲ ಬಂತು. ಆದರೂ ಟೋಪಿ ಹಾಕಿಕೊಂಡೇ ಇಳಿದೆ.

ಬ್ರಿಸ್ಬೇನ್‌ನಲ್ಲಿ ಚಳಿಗಾಲವೆಂದರೆ ನಮ್ಮ ಮೈಸೂರಿನ ಡಿಸೆಂಬರ್. ಜನ ಚಡ್ಡಿ ಹಾಕಿಕೊಂಡು ಐಸ್ ಹಾಕಿ ನೋಡಲು ಬಂದು, ಬಾಗಿಲಲ್ಲಿ ಉಣ್ಣೆ ಕೋಟು ಏರಿಸಿಕೊಂಡು ಒಳಗೆ ಹೋಗುತ್ತಾರೆ. ಆಟದ ವಿರಾಮದಲ್ಲಿ ಪ್ರವೀಣ್ ನನ್ನನ್ನು ಅಲ್ಲಿನ ಮ್ಯಾನೇಜರ್ ಕಾಲಿನ್‌ಗೆ ಪರಿಚಯಿಸಿದರು. ಕೆಂಪು ಮುಖದ, ನಗುಮೊಗದ ಮುದುಕ. ಅವರಾಡಿದ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಓ, ಪಟ್ಟಿ ಮಾಡಿದ ಅತ್ತೆ ನೀವೇನಾ? ನಿಮಗೆ ನಮ್ಮ ಇಡೀ ತಂಡ ಋಣಿ," ಎಂದು ನನ್ನ ಕೈ ಹಿಡಿದು ಕುಲುಕಿದರು. "ಈ ವರ್ಷ ನಮ್ಮ ಸರದಿ ಅಂತ ಗೊತ್ತಿತ್ತು. ಹುಡುಗರಿಗೆಲ್ಲ ರಜೆ ಉಳಿಸಿಟ್ಕೊಳ್ಳಿ ಅಂತ ಹೇಳಿದ್ದೆ. ಪಟ್ಟಿ ಬಂತು, ನಾವಿಲ್ಲ! ಅಡಿಲೇಡ್‌ನವರು ತಾವಾಗೇ ಹೊತ್ತುಕೊಂಡಿರಬೇಕು ಅಂದುಕೊಂಡು ಅವರಿಗೆ ದೊಡ್ಡದೊಂದು ಕೇಕ್ ಕಳಿಸಿದೆವು."

"ಅವರೇನಂದರು?" ಎಂದೆ.

"ಕೇಕ್ ಚೆನ್ನಾಗಿತ್ತು ಅಂದರು." ನಕ್ಕರು. ಆಮೇಲೆ ನಗು ನಿಲ್ಲಿಸಿ, "ಪಾಪ, ಅವರ ಗೋಲಿ ಡೇಲ್ ಬಿಟ್ಟುಬಿಟ್ಟನಲ್ಲ. ಹದಿನಾಲ್ಕು ವರ್ಷ ಆಡಿದವನು. ಸ್ಕೂಲ್ ಬಸ್ ಓಡಿಸ್ತಾನೆ. ಪರ್ತ್‌ಗೆ ಹೋಗಬೇಕಾದರೆ ಶುಕ್ರವಾರ ಮಧ್ಯಾಹ್ನದ ಟ್ರಿಪ್ ತಪ್ಪಿಸಿ ಹೊರಡಬೇಕು, ಸೋಮವಾರ ಬೆಳಿಗ್ಗೆಗೆ ವಾಪಸ್ ಆಗಲ್ಲ. ಹೋದ ವರ್ಷ ಹೇಗೋ ರಜೆ ಕೊಟ್ಟಿದ್ದರು. ಈ ವರ್ಷ ಎರಡು ಸಲ ಕೊಟ್ಟು, ಮತ್ತೆ ಐದು ಸಲ ಆಗಲ್ಲ ಅಂದರು. ಇದೇ ಅವನ ಕೊನೇ ವರ್ಷ ಆಗಬೇಕಿತ್ತು."

ನಾನು ಟೋಪಿ ತೆಗೆದು ಚೀಲದೊಳಗೆ ಹಾಕಿದೆ. ಆಟದ ಮುಂದಿನ ಭಾಗದಲ್ಲಿ ಯಾರು ಗೋಲು ಹೊಡೆದರೋ ನನಗೆ ಗೊತ್ತಿಲ್ಲ.

ಹೋಟೆಲಿನ ಕೆಳಗಡೆ ಕಾಫಿ ಕುಡಿಯುತ್ತ ಪ್ರವೀಣ್‌ಗೆ ಎಲ್ಲ ಹೇಳಿದೆ. ಪೆನ್ಸಿಲ್ ಪಟ್ಟಿ, ಶಾಯಿ ಪಟ್ಟಿ, ಅಡಿಲೇಡ್‌ನವರು ಬಂದು ಜಗಳವಾಡಲಿ ಎಂದು ಕಾದದ್ದು. ಅವರು ಕಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಂದ್ರೆ ಅದು ನಿಜವಾದ ಪಟ್ಟಿ ಅಲ್ವೇ ಅಲ್ವಾ ಅತ್ತೆ?"

"ಅಲ್ಲ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಅವರಿಗೆ ಹೇಳ್ಬಿಡ್ತಿದ್ರಿ."

ಉತ್ತರ ಕೊಟ್ಟ ಮೇಲೆ ಅದು ಎಂಥ ಉತ್ತರ ಎಂದು ನನಗೇ ಕೇಳಿಸಿತು. ಉಳಿದ ಆಟಗಳಿಗೆ ಟಿಕೆಟ್‌ಗಳಾಗಿದ್ದವು, ಐಸ್ ಹಂಚಿಕೆಯಾಗಿತ್ತು, ಇನ್ನು ಏನನ್ನೂ ಬದಲಿಸುವಂತಿರಲಿಲ್ಲ. ಪ್ರವೀಣ್ ಉಳಿದ ಕಾಫಿ ಮುಗಿಸಿ, "ಅಡಿಲೇಡ್‌ನಲ್ಲಿ ನಾನೇ ಹೇಳ್ತೀನಿ. ತಪ್ಪಾಯ್ತು, ಸರದಿ ನೋಡ್ಕೊಂಡಿಲ್ಲ ಅಂತೀನಿ. ನಿಮ್ಮ ಹೆಸರು ಬೇಡ," ಎಂದರು.

ಬೇಡವೆನ್ನಬೇಕಿತ್ತು. ನನ್ನ ಮಗಳ ಗಂಡ, ನನ್ನ ಮಾತು ನಂಬಿ ಕಳಿಸಿದವರು. ನಾನು "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದೆ. ನಾಲ್ಕು ದಿನ ಆ ಏರ್ಪಾಟಿನಲ್ಲಿ ನೆಮ್ಮದಿಯಾಗಿಯೂ ಇದ್ದೆ. ಗೋಲಿ ಆಟ ಬಿಟ್ಟದ್ದಕ್ಕಿಂತ ಆ ನಾಲ್ಕು ದಿನದ ನೆಮ್ಮದಿಗೇ ನನಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಅಡಿಲೇಡ್: ಬಾಳೆಹಣ್ಣು

ಪ್ರವೀಣ್ ತಂಡದೊಂದಿಗೆ ಪರ್ತ್‌ಗೆ ಮರಳಿದರು. ನಾನು ಒಬ್ಬಳೇ ಅಡಿಲೇಡ್‌ಗೆ ಹೋದೆ. ಅಲ್ಲಿ ಮಾಡ್ಬರಿ ಬಡಾವಣೆಯಲ್ಲಿ ಅನಿತಾಳ ಸಹಪಾಠಿ, ಮಂಡ್ಯದ ಡಾಕ್ಟರ್ ನಾಜಿಯಾ ಇದ್ದಾಳೆ. ಶನಿವಾರದ ಆಟದವರೆಗೆ ಅವಳ ಮನೆಯಲ್ಲಿ ಇರುವುದೆಂದು ಮೊದಲೇ ಮಾತಾಗಿತ್ತು.

ವಿಮಾನ ನಿಲ್ದಾಣದಲ್ಲಿ ದೊಡ್ಡ ಬೋರ್ಡು: ಹೊರಗಿನ ಹಣ್ಣು ತಂದಿದ್ದರೆ ಇಲ್ಲೇ ಹಾಕಿ. ಅಲ್ಲಿನ ತೋಟಗಳಿಗೆ ಹಣ್ಣಿನ ನೊಣ ಬರಬಾರದೆಂದು. ನನ್ನ ಚೀಲದಲ್ಲಿ ಬ್ರಿಸ್ಬೇನ್ ಹೋಟೆಲಿನ ಒಂದು ಬಾಳೆಹಣ್ಣಿತ್ತು. ಯಾರೂ ನೋಡುತ್ತಿರಲಿಲ್ಲ. ಆದರೂ ಅಲ್ಲಿದ್ದ ಅಧಿಕಾರಿಣಿಯ ಬಳಿ ಹೋಗಿ, ಬಾಳೆಹಣ್ಣಿದೆ, ಕ್ಷಮಿಸಿ, ಗೊತ್ತಿರಲಿಲ್ಲ ಎಂದು ಉದ್ದಕ್ಕೆ ಹೇಳಿಕೊಂಡೆ. ಅವಳು ನಗುತ್ತ ಡಬ್ಬಿ ತೋರಿಸಿದಳು. ಹಣ್ಣು ಹಾಕಿ ನಾಲ್ಕು ಹೆಜ್ಜೆ ಬಂದವಳಿಗೆ ಮುಖಕ್ಕೆ ರಕ್ತ ನುಗ್ಗಿತು. ಬಾಳೆಹಣ್ಣಿಗೆ ಇಷ್ಟು ಪ್ರಾಮಾಣಿಕಳಾದವಳು ಮನುಷ್ಯನ ವಿಷಯಕ್ಕೆ ಅಳಿಯನನ್ನು ಮುಂದೆ ನೂಕಿದ್ದೆ.

ನಾಜಿಯಾ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಅವಳಿಗೂ ಹೇಳಿದೆ.

"ಇಲ್ಲಿ ಕ್ಷಮೆ ಕೇಳೋದು ಹೆಂಗೆ ನಾಜಿಯಾ? ನಂಗೆ ಚರ್ಚಲ್ಲಿ ಪಾದ್ರಿಗಳ ಮುಂದೆ ಮಂಡಿಯೂರಿ ಹೇಳೋದು ಗೊತ್ತು. ಎದುರೆದುರು ನಿಂತು ಹೇಳಿ ಅಭ್ಯಾಸ ಇಲ್ಲ."

"ಸ್ಟೆಲ್ಲಾ ಆಂಟಿ, ಇಲ್ಲಿ ದಿನಕ್ಕೆ ಐವತ್ತು ಸಲ ಸಾರಿ ಅಂತಾರೆ. ಭುಜ ತಾಗಿದ್ರೆ ಸಾರಿ, ಬಾಗಿಲು ತೆಗೆಯೋದು ತಡ ಆದ್ರೆ ಸಾರಿ. ನಿಜವಾದ ಸಾರಿ ಹೇಳೋಕೆ ಹೋದ್ರೆ ಪದವೇ ಸಿಗಲ್ಲ. ನೀವು ಸಾರಿ ಅನ್ಬೇಡಿ. ಏನಾಯ್ತು ಅಂತ ಮಾತ್ರ ಹೇಳಿ." ರೊಟ್ಟಿ ಮಗುಚಿ ಹಾಕಿ, "ಮತ್ತೆ ಪ್ರವೀಣ್‌ಗೆ ಫೋನ್ ಮಾಡಿ ಬೇಡ ಅಂತ ಹೇಳ್ಬಿಡಿ," ಎಂದಳು. ಮಾಡಿದೆ.

ಅಡಿಲೇಡ್: ಶನಿವಾರ ಮಧ್ಯಾಹ್ನ

ಆಟ ಮೂರು ಗಂಟೆಗೆ. ನಾನು ಒಂದಕ್ಕೇ ಹೋಗಿ ನಿಂತೆ, ಈ ಸಲ ನಾಜಿಯಾಳ ಉಣ್ಣೆ ಕೋಟಿನಲ್ಲಿ. ಅಡಿಲೇಡ್ ತಂಡದ ಮ್ಯಾನೇಜರ್ ಮರಿಯನ್ ಬಂದರು. ಐವತ್ತು ದಾಟಿದ ಹೆಂಗಸು. ಬಂದವರೇ ಗೋಡೆಗೆ ಬೆನ್ನು ಆನಿಸಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸಿದರು. ಆ ನಿಲುವು ನನಗೆ ಗೊತ್ತು. ಎಂಟು ಗಂಟೆ ವಾರ್ಡಿನಲ್ಲಿ ನಿಂತು ಬಂದವರು ಹಾಗೆ ನಿಲ್ಲುತ್ತಾರೆ. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಸಣ್ಣ ಗಡಿಯಾರವೂ ಇತ್ತು.

"ನೀವು ನರ್ಸಾ?" ಎಂದೆ.

"ಬೆಳಗಿನ ಶಿಫ್ಟ್ ಮುಗಿಸಿ ನೇರ ಬಂದೆ. ನಿಮಗೆ ಹೇಗೆ ಗೊತ್ತಾಯಿತು?"

"ನಾನೂ ಅದೇ."

ಅವರ ಮುಖ ಅರಳಿತು. ಬನ್ನಿ ಎಂದು ಆಟಗಾರರ ಕೋಣೆಯ ಕಡೆ ಕರೆದುಕೊಂಡು ಹೋದರು. ಕೋಣೆಯ ಬಾಗಿಲಿಗೆ ನನ್ನ ಪಟ್ಟಿ ಅಂಟಿಸಿತ್ತು. ಪರ್ತ್‌ನ ಐದು ಪ್ರಯಾಣಗಳ ಸುತ್ತ ಕೆಂಪು ವೃತ್ತ. ಅದರ ಮೇಲೆ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಯಾರೋ ಬರೆದು ಅಂಟಿಸಿದ್ದರು: ನಮ್ಮ ಕೈಲಿ ಆಗುತ್ತದೆ ಎಂದು ನಂಬಿ ನಮಗೆ ಕೊಟ್ಟಿದ್ದಾರೆ. ಮಾಡಿ ತೋರಿಸೋಣ.

"ನಾನೇ ಬರೆದದ್ದು," ಎಂದರು ಮರಿಯನ್. "ಎರಡನೇ ವರ್ಷವೂ ನಾವೇ ಅಂದಾಗ ಹುಡುಗರು ಬೇಜಾರಾದರು. ಪಟ್ಟಿ ಮಾಡುವವರ ಕಷ್ಟ ನನಗೆ ಗೊತ್ತು, ನಾನೂ ವಾರ್ಡಿಗೆ ಪಟ್ಟಿ ಮಾಡ್ತೀನಲ್ಲ. ಏನೋ ಕಾರಣ ಇರಬೇಕು ಅಂದೆ."

ನಾನು ನಾಜಿಯಾ ಹೇಳಿದ ಹಾಗೆ ಏನಾಯಿತೆಂದು ಮಾತ್ರ ಹೇಳಿದೆ. ಕಾರಣ ಇರಲಿಲ್ಲ, ಅದು ನಾನು ಬರೆದ ಪಟ್ಟಿ, ನಮ್ಮಲ್ಲಿ ಮೊದಲ ಪಟ್ಟಿ ಜಗಳಕ್ಕೆಂದೇ ಬರೆಯುತ್ತೇವೆ, ನೀವು ಬೈಯುತ್ತೀರೆಂದು ಕಾದೆ, ಬೈದಿದ್ದರೆ ಆ ದಿನವೇ ಬದಲಿಸುತ್ತಿದ್ದೆ. ನನ್ನ ಇಂಗ್ಲಿಷು ಮಧ್ಯೆ ಮಧ್ಯೆ ಕುಂಟಿತು, ಆದರೆ ಅವರಿಗೆ ಎಲ್ಲವೂ ಅರ್ಥವಾಯಿತು.

ಮರಿಯನ್ ನನ್ನ ಮುಖ ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದರು.

"ಅಂದರೆ ನಾನು ಒಂದು ಫೋನ್ ಮಾಡಿದ್ದರೆ ಸಾಕಿತ್ತಾ?"

"ಹೌದು."

"ಡೇಲ್ ನನ್ನ ಕೇಳಿದ, ಒಂದು ಮಾತು ಕೇಳಿ ನೋಡೋಣವೇ ಅಂತ. ನಾನು ಬೇಡ ಅಂದೆ. ಪಟ್ಟಿ ಮಾಡಿದವರು ಎಲ್ಲರನ್ನೂ ನೋಡಿ ಮಾಡಿರ್ತಾರೆ ಅಂದೆ." ಅವರ ಕುತ್ತಿಗೆ ಕೆಂಪಾಗಿತ್ತು. "ಇದೊಂದು ಆಟ ಅಂತ ನೀವು ನಮಗೆ ಹೇಳಬೇಕಿತ್ತು."

ಕೈ ಎತ್ತಿ ತಾವು ಬರೆದ ಚೀಟಿಯನ್ನು ಬಾಗಿಲಿನಿಂದ ಕಿತ್ತು, ಮಡಿಸಿ ಜೇಬಿಗೆ ಹಾಕಿಕೊಂಡರು. ನೋ ವರೀಸ್ ಎಂದು ಈಗಲೂ ಹೇಳಬಹುದೆಂದು ನಾನು ಒಳಗೊಳಗೇ ಕಾದಿದ್ದೆ. ಅವರು ಹೇಳಲಿಲ್ಲ. "ಡೇಲ್ ಹಿಂದುಗಡೆ ಇದ್ದಾನೆ. ಅವನಿಗೆ ನೀವೇ ಹೇಳಿ," ಎಂದರು.

ಡೇಲ್ ಆಟ ಬಿಟ್ಟರೂ ಊರಿನಲ್ಲಿ ನಡೆಯುವ ಆಟಗಳಿಗೆ ಬಂದು ಬೂಟಿನ ಅಲಗು ಸಾಣೆ ಹಿಡಿಯುತ್ತಿದ್ದ. ಗೋಲಿ ಎಂದರೆ ಎಲ್ಲ ಊರಿಗೂ ಹೋಗಬೇಕು, ತಂಡಕ್ಕೆ ಇಬ್ಬರೇ ಗೋಲಿಗಳು, ಅರ್ಧ ಆಟಗಳಿಗೆ ಮಾತ್ರ ಬರುವವನಿಗೆ ಜಾಗ ಹಿಡಿದಿಡಲು ಆಗುವುದಿಲ್ಲವೆಂದು ತಾನೇ ಬಿಟ್ಟುಕೊಟ್ಟಿದ್ದನಂತೆ. ಸಾಣೆ ಯಂತ್ರ ಕಿರುಚುತ್ತಿತ್ತು. ಅದು ನಿಲ್ಲುವವರೆಗೆ ನಾನು ಕಾಯಬೇಕಾಯಿತು. ಅವನು ನಾನು ಊಹಿಸಿಕೊಂಡಿದ್ದ ಬೆಟ್ಟದಂಥ ಮನುಷ್ಯನಲ್ಲ. ಸಣಕಲು, ನರೆತ ಗಡ್ಡ, ಸ್ವಲ್ಪ ವಕ್ರವಾದ ಬೆರಳುಗಳು.

ಎರಡನೆಯ ಸಲ ಅದೇ ಕತೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಅವನು ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದ.

"ಬೆಳಿಗ್ಗೆ ನನ್ನ ಬಸ್ಸಿನ ಮಕ್ಕಳಿಗೆ ಟಾಟಾ ಹೇಳಿ ಪರ್ತ್ ವಿಮಾನಕ್ಕೆ ಓಡ್ತಿದ್ದೆ," ಎಂದ. "ಈ ವರ್ಷವೂ ಎರಡು ಸಲ ಹಾಗೇ ಓಡಿದೆ. ಚೆನ್ನಾಗೇ ಇತ್ತು."

ಅಲಗನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಒಂದು ಕೇಳಲಾ? ನಿಮ್ಮ ಆಸ್ಪತ್ರೆಯಲ್ಲಿ ಎಲ್ಲರೂ ಬಂದು ಕೂಗಾಡ್ತಿದ್ದರು ಅಂದಿರಲ್ಲ. ಕೂಗಾಡದೇ ಇದ್ದವರು ಏನು ಮಾಡ್ತಿದ್ದರು?"

ಅವನ ದನಿಯಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ.

"ಅಂಥವರು ಯಾರೂ ಇರಲಿಲ್ಲ," ಎಂದುಬಿಟ್ಟೆ.

ಅವನು ತಲೆಯಾಡಿಸಿ, ಅಲಗು ಒರೆಸಿದ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ನನಗೆ ಕೈ ಕೊಟ್ಟ. ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದ. ಆಮೇಲೆ ಯಂತ್ರ ಮತ್ತೆ ಶುರುವಾಯಿತು.

ಆಟ ನಡೆಯಿತು. ತಂಡದ ಜೊತೆ ಪರ್ತ್‌ನಿಂದ ಬಂದಿದ್ದ ಪ್ರವೀಣ್ ನನ್ನ ಬದಿಯಲ್ಲಿ ಬಂದು ಕೂತು, ಏನೂ ಕೇಳದೆ ಚಹಾ ತಂದುಕೊಟ್ಟರು. ಅಡಿಲೇಡ್‌ನ ಹೊಸ ಗೋಲಿ ನಾಲ್ಕು ಬಿಲ್ಲೆ ಒಳಗೆ ಬಿಟ್ಟ. ಪ್ರತಿ ಸಲವೂ ಗಾಜಿನಾಚೆ ನಿಂತಿದ್ದ ಡೇಲ್‌ನ ಎಡಗೈ ತಾನಾಗೇ ಮೇಲೇಳುತ್ತಿತ್ತು, ತಡೆಯುವವನ ಹಾಗೆ. ನಾಲ್ಕನೆಯ ಸಲ ಆ ಕೈ ನೋಡುತ್ತಿದ್ದಾಗಲೇ ನನಗೆ ಪುಟ್ಟತಾಯಮ್ಮ ನೆನಪಾದಳು.

ಪುಟ್ಟತಾಯಮ್ಮ ನಮ್ಮಲ್ಲಿ ಸ್ಟಾಫ್ ನರ್ಸು, ತಿ. ನರಸೀಪುರದ ಕಡೆಯವಳು. ಗಟ್ಟಿಗಿತ್ತಿ, ಮಾತು ಕಡಿಮೆ. ನನ್ನ ಕೋಣೆಯ ಸಂತೆಯಲ್ಲಿ ಅವಳ ಮುಖ ಒಂದು ದಿನವೂ ಕಾಣಲಿಲ್ಲ. ಹಾಗಾದರೆ ಕೂಗಾಡಿದವಳ ನೈಟನ್ನು ತೆಗೆದು ನಾನು ಯಾರಿಗೆ ಹಾಕುತ್ತಿದ್ದೆ? ತೆಗೆದದ್ದು ಎಲ್ಲಾದರೂ ಹೋಗಲೇಬೇಕಲ್ಲ. ಹನ್ನೊಂದು ವರ್ಷ ಹೆಚ್ಚುಕಡಿಮೆ ಪ್ರತಿ ತಿಂಗಳೂ ಅದು ಪುಟ್ಟತಾಯಮ್ಮನಿಗೆ ಹೋಗಿತ್ತು. ಅವಳು ಕೇಳದಿದ್ದುದರಿಂದ ಅವಳಿಗೆ ನೈಟೇ ಇಷ್ಟ ಎಂದು ನಾನು ತೀರ್ಮಾನಿಸಿದ್ದೆ. ಬೇರೆಯವರಿಗೂ ಹಾಗೇ ಹೇಳಿದ್ದೆ. ಅವಳಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು.

ಅಡಿಲೇಡ್: ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ನಾಜಿಯಾಳ ಮನೆಯ ಹಿತ್ತಲಿನಲ್ಲಿ ಕೂತೆ. ಅಲ್ಲಿ ಹನ್ನೆರಡು ಗಂಟೆಯಾದರೆ ನಮ್ಮಲ್ಲಿ ಬೆಳಿಗ್ಗೆ ಎಂಟು. ಪುಟ್ಟತಾಯಮ್ಮನ ನಂಬರ್ ಫೋನಿನಲ್ಲಿತ್ತು. ಒಂದು ಸಲವೂ ಕರೆ ಮಾಡಿರಲಿಲ್ಲ.

"ಅಯ್ಯೋ ಮೇಡಂ! ಎಲ್ಲಿದ್ದೀರಿ? ಟೋಪಿ ಫೋಟೋ ನೋಡ್ದೆ. ನಮ್ಮ ಮನೇಲಿ ಎಲ್ಲಾರ್ಗೂ ತೋರಿಸ್ದೆ," ಎಂದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಗಳು ಬಾಣಂತನಕ್ಕೆ ಬಂದಿದ್ದ ಸುದ್ದಿ ಹೇಳಿದಳು. ನಾನು ಹೂಂಗುಟ್ಟುತ್ತ ಧೈರ್ಯ ಕೂಡಿಸಿಕೊಂಡೆ.

"ಪುಟ್ಟತಾಯಮ್ಮ, ಒಂದು ಕೇಳ್ತೀನಿ. ನಿನಗೆ ನೈಟ್ ಡ್ಯೂಟಿ ಇಷ್ಟ ಇತ್ತಾ?"

ಅವಳು ನಕ್ಕಳು. "ನೈಟ್ ಯಾರಿಗಿಷ್ಟ ಮೇಡಂ? ಮಕ್ಳು ಚಿಕ್ಕವು. ನಮ್ಮತ್ತೆ ಬೈಯೋರು. ಏನ್ ಮಾಡೋದು, ಬಿದ್ದದ್ದು ಮಾಡ್ಬೇಕಲ್ಲ."

"ಮತ್ತೆ ಪಟ್ಟಿ ಹಾಕಿದ ದಿನ ನನ್ನ ಹತ್ರ ಬಂದು ಯಾಕೆ ಕೇಳ್ಲಿಲ್ಲ? ಎಲ್ಲರೂ ಬರ್ತಿದ್ರಲ್ಲ, ಹನ್ನೊಂದು ಗಂಟೆಗೆ, ಸಂತೆ ಹಾಗೆ."

"ಹನ್ನೊಂದು ಗಂಟೆಗಾ?" ಎಂದಳು. "ಆ ಹೊತ್ಗೆ ನಾನೆಲ್ಲಿ ಇರ್ತಿದ್ದೆ ಮೇಡಂ? ಬೆಳಗ್ಗೆ ಎಂಟಕ್ಕೆ ನೈಟ್ ಮುಗಿಸ್ಕೊಂಡು ಊರ ಬಸ್ ಹತ್ತಿಬಿಡ್ತಿದ್ದೆ. ತಿರ್ಗಾ ರಾತ್ರಿ ಡ್ಯೂಟಿಗೆ ಬಂದಾಗ್ಲೇ ನಾನು ಬೋರ್ಡ್ ನೋಡ್ತಿದ್ದದ್ದು. ಅಷ್ಟೊತ್ತಿಗೆ ಶಾಯೀಲಿ ಬರ್ದು ಸೈನ್ ಆಗಿರೋದು. ಅದನ್ನ ಕೇಳೋಕೆ ಬರ್ತದಾ?"

"ಅದಕ್ಕೆ ಮುಂಚೆ ಪೆನ್ಸಿಲ್‌ದು ಒಂದು ಹಾಕ್ತಿದ್ದೆ ಪುಟ್ಟತಾಯಮ್ಮ. ಬೆಳಗ್ಗೆ ಹತ್ತಕ್ಕೆ. ಬಂದು ಜಗಳ ಆಡ್ಲಿ ಅಂತ."

ಆ ಕಡೆ ಕುಕ್ಕರ್ ಮತ್ತೊಮ್ಮೆ ಕೂಗಿತು. ಅವಳು ಒಲೆ ಆರಿಸಿದ ಸದ್ದು ಕೇಳಿಸಿತು.

"ಎರಡು ಪಟ್ಟಿ ಇರ್ತಿತ್ತಾ ಮೇಡಂ?" ಎಂದಳು.